ಮಾರುತಿ 800: ಟೆಂಪರೇಚರ್ ಮುಳ್ಳು ಒಂದು ಕಡೆ ನಿಲ್ಲೋದಿಲ್ಲ, ಹೆಡ್ ಬಿಚ್ಚಿಸಲೇಬೇಕಾ?

ಗದಗಿನ ಬಿಳಿ ಗಾಡಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1998ರ ಮಾರುತಿ 800 ಇದೆ, ಕಾರ್ಬ್ಯುರೇಟರ್ ಗಾಡಿ. ನಾನು ವಾರಕ್ಕೆ ಎರಡು ಸಲ ಅಣ್ಣಿಗೇರಿ ಹಾಯ್ದು ಹುಬ್ಬಳ್ಳಿಗೆ ಹೋಗಿ ಬರುತ್ತೇನೆ. ಉಳಿದ ದಿನ ಅಪ್ಪ ಅದನ್ನು ತಗೊಂಡು ಮುಳಗುಂದ ಕಡೆ ಹೊಲಕ್ಕೆ ಹೋಗುತ್ತಾರೆ. ಅವರಿಗೆ ಈಗ 74 ವರ್ಷ. ನಡು ದಾರಿಯಲ್ಲಿ ಗಾಡಿ ಕುದ್ದು ನಿಂತರೆ ಒಬ್ಬರೇ ಏನು ಮಾಡುತ್ತಾರೆ ಅಂತ ನನಗೆ ಚಿಂತೆ.

ತೊಂದರೆ ಟೆಂಪರೇಚರ್ ಮುಳ್ಳಿನದು, ಎರಡು ತಿಂಗಳಾಯಿತು. ಮನೆಯಿಂದ ಹೊರಟಾಗ ಸರಿಯಾಗಿ ಮೇಲೇರುತ್ತದೆ. ಆಮೇಲೆ ರಸ್ತೆಯಲ್ಲಿ ಗುಂಡಿ ಬಂದರೆ ಒಮ್ಮೆಲೇ ಎಚ್ ಕಡೆ, ಅಂದರೆ ಬಿಸಿ ಕಡೆ, ಹೋಗಿಬಿಡುತ್ತದೆ, ನಾನು ಗಾಬರಿಯಾಗಿ ಬದಿಗೆ ಹಾಕುವಷ್ಟರಲ್ಲಿ ತಾನೇ ವಾಪಸ್ ಬಂದಿರುತ್ತದೆ. ಒಮ್ಮೊಮ್ಮೆ ಉಲ್ಟಾ, ಸಿ ಕಡೆ, ಅಂದರೆ ತಣ್ಣನೆ ಕಡೆ, ಬಿದ್ದು ಅಣ್ಣಿಗೇರಿ ತನಕ ಅಲ್ಲೇ ಮಲಗಿರುತ್ತದೆ. ಸಂಜೆ ಹೆಡ್‌ಲೈಟ್ ಹಾಕಿದರೆ ಮುಳ್ಳು ಸ್ವಲ್ಪ ಮೇಲೆ ಸರಿಯುತ್ತದೆ, ಆರಿಸಿದರೆ ಇಳಿಯುತ್ತದೆ. ಚೆನ್ನಮ್ಮ ಸರ್ಕಲ್ ಟ್ರಾಫಿಕ್‌ನಲ್ಲಿ ಅರ್ಧ ತಾಸು ನಿಂತರೂ ಕುದ್ದಿಲ್ಲ, ಫ್ಯಾನ್ ತಾನೇ ತಿರುಗುತ್ತದೆ, ತಾನೇ ನಿಲ್ಲುತ್ತದೆ.

ಮೂರು ಕಡೆ ತೋರಿಸಿದೆ. ಮೊದಲನೆಯವರು ಥರ್ಮೋಸ್ಟ್ಯಾಟ್ (ಎಂಜಿನ್ ಕಾಯುವ ತನಕ ರೇಡಿಯೇಟರ್‌ಗೆ ನೀರು ಬಿಡದ ವಾಲ್ವ್) ತೆಗೆದು ಹಾಗೇ ಕಳಿಸಿದರು, ನಮ್ಮ ಬಿಸಿಲಿಗೆ ಅದು ಬೇಡವೇ ಬೇಡ ಅಂದರು. ಎರಡನೆಯವರು ಟೆಂಪರೇಚರ್ ಸೆನ್ಸರ್ ಹೊಸದು ಹಾಕಿದರು. ಒಂದು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ, ಇನ್ನೂ ಜಾಸ್ತಿ. ಮೂರನೆಯವರು ಮುಳ್ಳು ಎಚ್‌ಗೆ ಹೋಗಿದ್ದನ್ನು ನೋಡಿದ ಕೂಡಲೇ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್‌ನ ಮೇಲಿನ ಭಾಗವಾದ ಹೆಡ್‌ನ ಕೆಳಗಿನ ಸೀಲ್, ಹೋಗಿದೆ, ಹೆಡ್ ಇಳಿಸಬೇಕು, ಹದಿನಾಲ್ಕು ಸಾವಿರ ಆಗುತ್ತದೆ ಅಂದರು. ದುಡ್ಡು ಕೊಡುವುದಕ್ಕೆ ತಯಾರಿದ್ದೇನೆ, ಆದರೆ ಅದಾದ ಮೇಲೂ ಮುಳ್ಳು ಹೀಗೇ ಮಾಡಿದರೆ? ತಿಳಿದವರು ಹೇಳಿ.

ಸಪ್ತಾಪುರದವ:

ಹೆಡ್ ಬಿಚ್ಚಿಸಬೇಡಿ, ಈಗಲೇ ಬೇಡ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಎಂಜಿನ್, ರೇಡಿಯೇಟರ್ ಎರಡರಲ್ಲೂ ಸೇರಿ ಕೆಲವು ಲೀಟರ್ ನೀರು ಓಡಾಡುತ್ತಿರುತ್ತದೆ. ಅಷ್ಟು ನೀರು ಒಂದು ಗುಂಡಿ ದಾಟುವುದರೊಳಗೆ ಇಪ್ಪತ್ತು ಮೂವತ್ತು ಡಿಗ್ರಿ ಕಾಯ್ದು, ಮುಂದಿನ ಗುಂಡಿ ಬರುವುದರೊಳಗೆ ಆರಲು ಸಾಧ್ಯವೇ ಇಲ್ಲ. ಮನೆಯಲ್ಲಿ ಸ್ನಾನದ ನೀರು ಕಾಯಿಸಿ ನೋಡಿದವರಿಗೆ ಗೊತ್ತಲ್ವಾ. ನಿಜವಾದ ಶಾಖ ನಿಧಾನಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಹಾರುವ ಮುಳ್ಳು ಅಂದರೆ ಹೆಚ್ಚಾಗಿ ವೈರಿಂಗ್ ಕಡೆಯದ್ದು.

ಒಂದು ಪ್ರಶ್ನೆ. ಟೆಂಪರೇಚರ್ ಮುಳ್ಳು ಹಾರುವಾಗ ಪಕ್ಕದ ಪೆಟ್ರೋಲ್ ಮುಳ್ಳು ಕೂಡ ಅಲುಗುತ್ತದಾ? ಎರಡೂ ಒಟ್ಟಿಗೆ ಅಲುಗಿದರೆ ತೊಂದರೆ ಮೀಟರ್ ಹಿಂದೆ ಇದೆ, ಅಲ್ಲಿಯ ಕರೆಂಟ್ ವೈರ್ ಅಥವಾ ಅರ್ತ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ) ಸಡಿಲ ಆಗಿರುತ್ತದೆ. ಟೆಂಪರೇಚರ್ ಒಂದೇ ಆದರೆ ಸೆನ್ಸರ್‌ನಿಂದ ಮೀಟರ್ ತನಕದ ದಾರಿ ನೋಡಬೇಕು.

ಹಾವೇರಿ ಹೈವೇ:

ಮೇಲೆ ಹೇಳಿದ್ದು ಸರಿ, ಆದರೆ ಒಂದು ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ, ಅದನ್ನು ಹೇಳದೆ ಇರಲಾರೆ. ಮುಳ್ಳು ಒಮ್ಮೆಲೇ ಸಿ ಕಡೆ ಬಿದ್ದರೆ ಅದನ್ನು ಸುಮ್ನೆ ವೈರಿಂಗ್ ಅಂದುಕೊಳ್ಳಬೇಡಿ.

ನನ್ನದು ಹಳೇ ಡೀಸೆಲ್ ಗಾಡಿ ಇತ್ತು. ಏಪ್ರಿಲ್ ತಿಂಗಳು, ಹುಬ್ಬಳ್ಳಿಯಿಂದ ಹಾವೇರಿಗೆ ಬರುತ್ತಿದ್ದೆ, ಮಧ್ಯಾಹ್ನ. ಶಿಗ್ಗಾವಿ ದಾಟಿದ ಮೇಲೆ ಮುಳ್ಳು ಮೇಲೇರಿತು, ನಿಲ್ಲಿಸೋಣ ಅನ್ನುವಷ್ಟರಲ್ಲಿ ಸರ್ರನೆ ಕೆಳಗೆ ಬಂತು. ತಣ್ಣಗಾಯಿತು ಅಂದುಕೊಂಡು ಓಡಿಸಿದೆ. ಬಂಕಾಪುರ ಹತ್ತಿರ ಎಂಜಿನ್ ತಾನಾಗಿ ನಿಂತುಹೋಯಿತು. ಕೆಳಗಿನ ಹೋಸ್ ಪೈಪ್ ಸೀಳಿ ನೀರೆಲ್ಲ ಹೋಗಿತ್ತು. ಆ ಸೆನ್ಸರ್ ನೀರಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ, ನೀರೇ ಇಲ್ಲದಿದ್ದರೆ ಬರೀ ಗಾಳಿಯ ಬಿಸಿ ಅಳೆಯುತ್ತಾ ಇರುತ್ತದೆ. ಎಂಜಿನ್ ಸುಡುತ್ತಿರುತ್ತದೆ, ಮುಳ್ಳು ಸಿ ತೋರಿಸುತ್ತಿರುತ್ತದೆ. ಹೆಡ್ ಅಲ್ಯೂಮಿನಿಯಂ, ಬಾಗಿ ಹೋಗಿತ್ತು.

ಹಾಗಾಗಿ ನಿಮ್ಮ ಅಪ್ಪಾಜಿಗೂ ಹೇಳಿಡಿ. ಮುಳ್ಳು ಎಚ್‌ಗೆ ಹೋದಾಗ ಹೇಗೋ ಬಿದ್ದಾಗಲೂ ಹಾಗೇ ಗಾಡಿ ಬದಿಗೆ ಹಾಕಬೇಕು, ಬಂದ್ ಮಾಡಬೇಕು, ಅರ್ಧ ತಾಸು ಕಾಯಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬಾರದು. ಒಳಗೆ ಒತ್ತಡ ಇರುವುದರಿಂದ ನೀರು ನೂರು ಡಿಗ್ರಿ ದಾಟಿದರೂ ಕುದ್ದಿರುವುದಿಲ್ಲ, ಮುಚ್ಚಳ ತೆಗೆದ ಕೂಡಲೇ ಒಂದೇ ಸಲಕ್ಕೆ ಕುದ್ದು ಮುಖಕ್ಕೆ ಹಾರುತ್ತದೆ. ನನ್ನ ಕಣ್ಣೆದುರೇ ಒಬ್ಬರ ಕೈ, ಎದೆ ಸುಟ್ಟದ್ದನ್ನು ನೋಡಿದ್ದೇನೆ.

ಗದಗಿನ ಬಿಳಿ ಗಾಡಿ:

ಇಬ್ಬರಿಗೂ ಥ್ಯಾಂಕ್ಸ್ ಸರ್. ಇವತ್ತು ಬೆಳಗ್ಗೆ ಗಾಡಿ ತಣ್ಣಗಿರುವಾಗ ನೋಡಿದೆ, ರೇಡಿಯೇಟರ್ ಬಾಯಿ ತನಕ ನೀರಿದೆ. ಪಕ್ಕದ ಡಬ್ಬಿಯಲ್ಲೂ ಇದೆ, ಎರಡು ವಾರದಿಂದ ಗುರುತು ಹಾಕಿಟ್ಟಿದ್ದೆ, ಇಳಿದಿಲ್ಲ. ಪೆಟ್ರೋಲ್ ಮುಳ್ಳು ಅಲುಗುವುದಿಲ್ಲ, ಟೆಂಪರೇಚರ್ ಒಂದೇ ಹಾರುತ್ತದೆ. ಆದರೆ ಹೆಡ್‌ಲೈಟ್ ಹಾಕಿದಾಗ ಪೆಟ್ರೋಲ್ ಮುಳ್ಳಿಗೆ ಏನೂ ಆಗದೆ ಇದೊಂದೇ ಮೇಲೆ ಸರಿಯುವುದು ಯಾಕೆ ಅಂತ ನನಗೆ ತಿಳಿಯುತ್ತಿಲ್ಲ. ಇನ್ನೊಂದು, ಬೆಳಗ್ಗೆ ಸೆಲ್ಫ್ ಹೊಡೆದರೆ ಎಳೆದು ಎಳೆದು ತಿರುಗುತ್ತದೆ. ಬ್ಯಾಟರಿ ಹೋದ ವರ್ಷದ್ದು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಬ್ಯಾಟರಿ ಕಾಕಾ:

ಇದೆ ತಮ್ಮಾ, ಬಹಳ ಇದೆ. ನಾನು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷದ ಮೇಲಾಯಿತು ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಾ. ನೀವು ಬರೆದ ಎರಡು ಮಾತು, ಲೈಟ್ ಹಾಕಿದರೆ ಮುಳ್ಳು ಏರುತ್ತದೆ, ಸೆಲ್ಫ್ ಎಳೆದು ತಿರುಗುತ್ತದೆ, ಈ ಎರಡೂ ಒಂದೇ ಗಾಡಿಯಲ್ಲಿದ್ದರೆ ನಾನು ಮೊದಲು ಎಂಜಿನ್ ಅರ್ತ್ ವೈರ್ ನೋಡುತ್ತೇನೆ.

ಸ್ವಲ್ಪ ವಿವರವಾಗಿ ಹೇಳುತ್ತೇನೆ, ತಿಳಿದುಕೊಂಡರೆ ಮುಂದೆ ಯಾರೂ ನಿಮ್ಮ ಗಾಡಿಯ ಹೆಡ್ ಸುಮ್ಮಸುಮ್ಮನೆ ಬಿಚ್ಚಿಸಲಾರರು. ಮುಳ್ಳಿಗೆ ಹೋಗುವ ಆ ಸೆನ್ಸರ್‌ಗೆ ಒಂದೇ ವೈರ್ ಇರುತ್ತದೆ. ಎರಡನೇ ವೈರ್ ಎಲ್ಲಿ? ಅದರ ಮೈಯೇ ಎರಡನೇ ವೈರ್. ಚೂಡಿ ಹಾಕಿ ಎಂಜಿನ್‌ಗೆ ಬಿಗಿದಿರುತ್ತಾರಲ್ಲ, ಆ ಚೂಡಿಯಿಂದ ಎಂಜಿನ್‌ಗೆ, ಎಂಜಿನ್‌ನಿಂದ ಅರ್ತ್ ವೈರ್ ಹಾಯ್ದು ಬ್ಯಾಟರಿ ಮೈನಸ್‌ಗೆ. ಸೆನ್ಸರ್ ತಣ್ಣಗಿದ್ದಾಗ ಒಳಗೆ ತಡೆ ಜಾಸ್ತಿ, ಕರೆಂಟ್ ಕಡಿಮೆ ಹರಿಯುತ್ತದೆ, ಮುಳ್ಳು ಸಿ ಹತ್ತಿರ. ಬಿಸಿ ಆದಂತೆ ತಡೆ ಕಡಿಮೆ ಆಗುತ್ತದೆ, ಮುಳ್ಳು ಎಚ್ ಕಡೆ. ಹಾಗಾದರೆ ವೈರ್ ತುಂಡಾದರೆ ಏನಾಗುತ್ತದೆ? ಮುಳ್ಳು ಸಿ ಗೆ ಬೀಳುತ್ತದೆ. ಅದೇ ವೈರಿನ ತಾಮ್ರ ಎಲ್ಲಾದರೂ ಲೋಹಕ್ಕೆ ತಾಗಿದರೆ? ಎಚ್‌ಗೆ ಹೋಗುತ್ತದೆ. ಎಂಜಿನ್ ಐಸ್‌ನಷ್ಟು ತಣ್ಣಗಿದ್ದರೂ ಹೋಗುತ್ತದೆ.

ಈಗ ಲೈಟಿನ ವಿಷಯ. ಕರೆಂಟ್ ಮಾಡುವ ಆಲ್ಟರ್ನೇಟರ್ ಕೂತಿರುವುದು ಎಂಜಿನ್ ಮೇಲೆ. ಲೈಟ್ ಹಾಕಿದರೆ ಅದು ಜಾಸ್ತಿ ಕರೆಂಟ್ ಕೊಡಬೇಕು, ಕೊಟ್ಟದ್ದೆಲ್ಲ ವಾಪಸ್ ಬರುವುದು ಅದೇ ಅರ್ತ್ ವೈರಿನಲ್ಲಿ. ಆ ವೈರ್ ತುಕ್ಕು ಹಿಡಿದಿದ್ದರೆ ಅಲ್ಲಿ ಸ್ವಲ್ಪ ವೋಲ್ಟ್ ಉಳಿದುಬಿಡುತ್ತದೆ, ಬಾಡಿಗೂ ಎಂಜಿನ್‌ಗೂ ವ್ಯತ್ಯಾಸ ಬರುತ್ತದೆ. ಟೆಂಪರೇಚರ್ ಸೆನ್ಸರ್ ಅರ್ತ್ ತಗೊಳ್ಳುವುದು ಎಂಜಿನ್‌ನಿಂದ, ಅದಕ್ಕೇ ಅದರ ಮುಳ್ಳು ಸರಿಯುತ್ತದೆ. ಪೆಟ್ರೋಲ್ ಟ್ಯಾಂಕಿನದು ಅರ್ತ್ ತಗೊಳ್ಳುವುದು ಬಾಡಿಯಿಂದ, ಅದಕ್ಕೆ ಏನೂ ಆಗುವುದಿಲ್ಲ. ನೀವು ಕೇಳಿದ ಪ್ರಶ್ನೆ ಒಳ್ಳೆಯದು, ಬಹಳ ಮಂದಿ ಅದನ್ನು ಗಮನಿಸುವುದೇ ಇಲ್ಲ.

ಒಂದು ಸಾದಾ ಮಲ್ಟಿಮೀಟರ್ ತಗೊಳ್ಳಿ. 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿ ಮೈನಸ್ ಕಂಬದ ಮೇಲೇ ಇಡಬೇಕು, ಕ್ಲ್ಯಾಂಪ್ ಮೇಲೆ ಅಲ್ಲ. ಕೆಂಪು ಕಡ್ಡಿ ಎಂಜಿನ್‌ನ ಬಣ್ಣ ಇಲ್ಲದ, ಎಣ್ಣೆ ಇಲ್ಲದ ಲೋಹದ ಮೇಲೆ. ಗಾಡಿ ಚಾಲೂ ಮಾಡಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ ನೋಡಿ. ಮೈನಸ್ ಗುರುತು ಬಂದರೂ ಚಿಂತೆ ಬೇಡ, ಅಂಕಿ ಮಾತ್ರ ನೋಡಿ. 0.1 ಒಳಗಿದ್ದರೆ ಚೆನ್ನಾಗಿದೆ. 0.2 ದಾಟಿದರೆ ಅರ್ತ್ ಕೆಟ್ಟಿದೆ. ಆಮೇಲೆ ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ ಆಗಲೂ ನೋಡಿ, ಅರ್ಧ ವೋಲ್ಟ್ ದಾಟಿದರೆ ಆ ವೈರನ್ನು ಬಿಡುವ ಹಾಗೇ ಇಲ್ಲ.

ಇನ್ನು ಗುಂಡಿಗೆ ಹಾರುವುದು. ಸೆನ್ಸರ್ ಬದಲಿಸಿದ ಮೇಲೆ ಜಾಸ್ತಿ ಆಯಿತು ಅಂದಿರಿ. ಹಾಗಾದರೆ ಆ ಕೆಲಸ ಮಾಡಿದ ಜಾಗವನ್ನೇ ನೋಡಿ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಬಂದ್ ಇರಲಿ. ಸೆನ್ಸರ್ ಮೇಲಿನ ವೈರ್ ತೆಗೆಯಿರಿ, ಮುಳ್ಳು ಸಿ ಗೆ ಹೋಗಬೇಕು. ಆ ವೈರನ್ನು ಎಂಜಿನ್ ಲೋಹಕ್ಕೆ ಒಂದೆರಡು ಸೆಕೆಂಡ್ ಮಾತ್ರ ತಾಗಿಸಿ, ಮುಳ್ಳು ಎಚ್ ಕಡೆ ಏಳಬೇಕು. ಎದ್ದ ಕೂಡಲೇ ತೆಗೆದುಬಿಡಿ, ಹಾಗೇ ಹಿಡಿದರೆ ಮೀಟರ್ ಸುಡಬಹುದು. ನಾನಾದರೆ ನಡುವೆ ಒಂದು ಸಣ್ಣ ಬಲ್ಬ್ ಇಟ್ಟು ಮಾಡುತ್ತೇನೆ. ಎರಡೂ ಸರಿಯಾದರೆ ಮೀಟರ್ ಚೆನ್ನಾಗಿದೆ ಅಂತ ಅರ್ಥ. ಆಮೇಲೆ ವೈರನ್ನು ಉದ್ದಕ್ಕೂ ಕೈಯಿಂದ ಅಲುಗಿಸುತ್ತಾ ಬನ್ನಿ, ಒಳಗೆ ಒಬ್ಬರು ಮುಳ್ಳು ನೋಡುತ್ತಿರಲಿ.

ಮತ್ತೆ ಆ ಸೆನ್ಸರ್ ಚೂಡಿಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತಿದ್ದಾರಾ ನೋಡಿ. ನಳದ ಕೆಲಸದ ಅಭ್ಯಾಸ, ನೀರು ಸೋರಬಾರದು ಅಂತ ಸುತ್ತಿಬಿಡುತ್ತಾರೆ. ನಾನು ಹೇಳಿದೆನಲ್ಲ, ಚೂಡಿಯೇ ಎರಡನೇ ವೈರ್. ಅದಕ್ಕೆ ಟೇಪ್ ಸುತ್ತಿದರೆ ವೈರ್‌ಗೆ ಟೇಪ್ ಸುತ್ತಿದ ಹಾಗೇ, ಅರ್ತ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ನವನಗರ ಝೆನ್:

ಕಾಕಾ ಹೇಳಿದ ಟೇಪ್ ವಿಷಯ ನನ್ನ ಝೆನ್‌ನಲ್ಲೂ ಆಗಿತ್ತು. ಮುಳ್ಳು ಯಾವಾಗಲೂ ಕೆಳಗೇ ತೋರಿಸುತ್ತಿತ್ತು, ಟೇಪ್ ತೆಗೆದು ತಾಮ್ರದ ವಾಷರ್ ಹಾಕಿದ ಮೇಲೆ ಸರಿಯಾಯಿತು.

ಇನ್ನೊಂದು ಸಲಹೆ. ಮುಳ್ಳನ್ನು ನಂಬಬೇಕಾ ಬೇಡವಾ ಅಂತ ಗೊತ್ತಾಗಬೇಕಾದರೆ ಬೇರೆ ಒಂದು ಅಳತೆ ಬೇಕಲ್ವಾ. ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಥರ್ಮೋಸ್ಟ್ಯಾಟ್ ಇರುವ ಜಾಗಕ್ಕೆ ಹಿಡಿದು ನೋಡಿ. ಜ್ವರ ನೋಡುವಂಥದ್ದು ಆಗುವುದಿಲ್ಲ, ಅದು ಅಷ್ಟು ಬಿಸಿ ಅಳೆಯುವುದಿಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರವಾಗಿ ಹಿಡಿದರೆ ಬಹಳ ಕಡಿಮೆ ತೋರಿಸುತ್ತದೆ. ನಾನು ಮೊದಲು 50 ಅಂತ ನೋಡಿ ಖುಷಿಪಟ್ಟಿದ್ದೆ. ಕಪ್ಪು ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿ, ಅದು ಕಾಯ್ದ ಮೇಲೆ ಅದರ ಮೇಲೆ ಹಿಡಿದರೆ 88 ಬಂತು. 85ರಿಂದ 95ರ ಒಳಗೆ ಇದ್ದು ಮುಳ್ಳು ಮಾತ್ರ ಕುಣಿಯುತ್ತಿದ್ದರೆ ಎಂಜಿನ್ ಸರಿ ಇದೆ.

ಗ್ಯಾಸ್ಕೆಟ್ ಬಗ್ಗೆ ಮನಸ್ಸಿನಲ್ಲಿ ಅನುಮಾನ ಉಳಿಯಬಾರದು ಅಂದರೆ ಬೆಳಗ್ಗೆ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಚಾಲೂ ಮಾಡಿ. ಮೊದಲು ಸ್ವಲ್ಪ ಗುಳ್ಳೆ ಬಂದು ನಿಲ್ಲಬಹುದು, ಅದು ಒಳಗಿನ ಗಾಳಿ. ನಿಲ್ಲದೆ ಬರುತ್ತಲೇ ಇದ್ದರೆ, ರೇಸ್ ಕೊಟ್ಟಾಗ ಜಾಸ್ತಿ ಆದರೆ, ಅದು ಗ್ಯಾಸ್ಕೆಟ್. ನೀರಿನ ಮೇಲೆ ಎಣ್ಣೆ, ಆಯಿಲ್ ಕ್ಯಾಪ್ ಒಳಗೆ ಹಾಲಿನ ಕೆನೆಯಂಥದ್ದು, ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ, ಇವನ್ನೂ ನೋಡಿ. ನೀರು ಇಳಿದಿಲ್ಲ ಅಂದಿರಲ್ಲ, ನನಗಂತೂ ಗ್ಯಾಸ್ಕೆಟ್ ಅನ್ನಿಸುವುದಿಲ್ಲ.

ಗದಗಿನ ಬಿಳಿ ಗಾಡಿ:

ಭಾನುವಾರ ಇಡೀ ದಿನ ಗಾಡಿ ಜೊತೆಗೇ ಇದ್ದೆ. ಸಿಕ್ಕಿದ್ದನ್ನು ಹೇಳುತ್ತೇನೆ.

ಗುಳ್ಳೆ ಬರಲಿಲ್ಲ. ಹೊಗೆ ಇಲ್ಲ, ಆಯಿಲ್ ಸ್ವಚ್ಛ ಇದೆ.

ಮಲ್ಟಿಮೀಟರ್ ಗೆಳೆಯನಿಂದ ತಂದೆ. ಲೈಟ್ ಎಲ್ಲ ಹಾಕಿದಾಗ 0.6 ಬಂತು. ಸೆಲ್ಫ್ ಹೊಡೆದಾಗ 1.3. ಬ್ಯಾಟರಿ ಮೈನಸ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ದಪ್ಪ ವೈರಿನ ಬೋಲ್ಟ್ ಬಿಚ್ಚಿದರೆ ಕೆಳಗೆ ಹಸಿರು ಪುಡಿ, ತುಕ್ಕು, ಮೇಲೆ ಹಳೇ ಗ್ರೀಸ್. ಉಜ್ಜು ಕಾಗದದಿಂದ ಎರಡೂ ಕಡೆ ಹೊಳೆಯುವ ತನಕ ಉಜ್ಜಿದೆ, ಹೊಸ ವಾಷರ್ ಹಾಕಿ ಬಿಗಿದೆ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಈಗ 0.05. ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಎದ್ದಿತು, ಅಪ್ಪ ಒಳಗಿಂದ ಓಡಿ ಬಂದು ಹೊಸ ಬ್ಯಾಟರಿ ಹಾಕಿದೆಯಾ ಅಂತ ಕೇಳಿದರು. ಲೈಟ್ ಹಾಕಿದರೆ ಮುಳ್ಳು ಅಲುಗುವುದಿಲ್ಲ.

ಗುಂಡಿಗೆ ಹಾರುವುದಕ್ಕೆ ಕಾರಣ ಸೆನ್ಸರ್‌ನಿಂದ ಒಂದು ಗೇಣು ದೂರದಲ್ಲಿತ್ತು. ಹೊಸ ಸೆನ್ಸರ್ ಹಾಕುವಾಗ ವೈರ್ ಸಾಲದೆ ಒಂದು ತುಂಡು ಸೇರಿಸಿದ್ದಾರೆ. ಬೆಸುಗೆ ಇಲ್ಲ, ಬರೀ ಕೈಯಿಂದ ತಿರುಚಿ ಟೇಪ್ ಸುತ್ತಿದ್ದು. ಟೇಪ್ ಬಿಸಿಗೆ ಕರಗಿ ಜಾರಿಹೋಗಿದೆ. ಆ ಜೋಡಣೆ ಪಕ್ಕದ ಕಬ್ಬಿಣದ ಪಟ್ಟಿಗೆ ತಾಗಿದರೆ ಎಚ್, ಸಡಿಲಾಗಿ ಬಿಟ್ಟುಕೊಂಡರೆ ಸಿ. ನಾನು ಕೈಯಿಂದ ಅಲುಗಿಸಿದಾಗ ಒಳಗೆ ಕೂತಿದ್ದ ಅಪ್ಪ ಮೇಲೆ, ಕೆಳಗೆ, ಮೇಲೆ ಅಂತ ಹೇಳುತ್ತಿದ್ದರು. ಎರಡು ತಿಂಗಳ ಚಿಂತೆ ಎರಡು ಇಂಚು ವೈರಿನಲ್ಲಿತ್ತು. ಹೊಸ ವೈರ್ ಒಂದೇ ತುಂಡು ಎಳೆದು, ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ ಹಾಕಿದೆ. ಸೆನ್ಸರ್ ಚೂಡಿಗೆ ಟೆಫ್ಲಾನ್ ಕೂಡ ಇತ್ತು ಕಾಕಾ, ನೀವು ಹೇಳಿದ ಹಾಗೇ, ನಾಲ್ಕೈದು ಸುತ್ತು. ತೆಗೆದೆ.

ನಿನ್ನೆ ಹುಬ್ಬಳ್ಳಿಗೆ ಹೋಗಿ ಬಂದೆ, ಒಮ್ಮೆಯೂ ಹಾರಲಿಲ್ಲ. ಆದರೆ ಖಾಲಿ ರಸ್ತೆಯಲ್ಲಿ ಮುಳ್ಳು ನಡುವಿಗೆ ಬರುವುದೇ ಇಲ್ಲ, ಕಾಲು ಭಾಗದಲ್ಲಿ ನಿಲ್ಲುತ್ತದೆ. ಊರೊಳಗೆ ಬಂದ ಮೇಲೆ ನಡುವಿಗೆ ಬರುತ್ತದೆ. ಇದು ಥರ್ಮೋಸ್ಟ್ಯಾಟ್ ಇಲ್ಲದ್ದಕ್ಕೇ ಅಲ್ವಾ?

ಸಪ್ತಾಪುರದವ:

ಹೌದು, ಅದಕ್ಕೇ. ಈಗ ನಿಮ್ಮ ಮುಳ್ಳು ನಿಜ ಹೇಳುತ್ತಿದೆ, ಎಂಜಿನ್ ನಿಜವಾಗಿಯೂ ತಣ್ಣಗಿದೆ. ನಮ್ಮ ಬಿಸಿಲಿಗೆ ಥರ್ಮೋಸ್ಟ್ಯಾಟ್ ಬೇಡ ಅನ್ನುವ ಮಾತನ್ನು ದಯವಿಟ್ಟು ಕೇಳಬೇಡಿ. ಹೊರಗೆ 40 ಡಿಗ್ರಿ ಇದ್ದರೂ ಎಂಜಿನ್‌ಗೆ ಬೇಕಾದ್ದು 85, 90. ತಣ್ಣಗೆ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ, ಒಳಗೆ ಸವೆತ ಜಾಸ್ತಿ.

ಹೊಸದು ತಂದರೂ ಹಾಕುವ ಮೊದಲು ಪರೀಕ್ಷೆ ಮಾಡಿ. ಹಳೇ ಬೋಗೋಣಿಯಲ್ಲಿ ನೀರು ಇಟ್ಟು, ಥರ್ಮೋಸ್ಟ್ಯಾಟ್‌ಗೆ ದಾರ ಕಟ್ಟಿ ತಳಕ್ಕೆ ತಾಗದ ಹಾಗೆ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್. ಅದರ ಮೇಲೆ 82 ಅಥವಾ 88 ಅಂತ ಒತ್ತಿರುತ್ತಾರೆ, ಆ ಹತ್ತಿರ ಬಾಯಿ ತೆರೆಯಲು ಶುರುವಾಗಬೇಕು, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು. ನಮ್ಮ ಕಡೆ ನೀರು 98ಕ್ಕೇ ಕುದಿಯುತ್ತದೆ, ನಾವು ಸಮುದ್ರದಿಂದ ಅಷ್ಟು ಮೇಲಿದ್ದೇವೆ. ಥರ್ಮಾಮೀಟರ್ ತಪ್ಪು ಅಂದುಕೊಳ್ಳಬೇಡಿ.

ಹಾವೇರಿ ಹೈವೇ:

ಈಗ ರೇಡಿಯೇಟರ್‌ನಲ್ಲಿ ಏನು ಹಾಕಿದ್ದೀರಿ? ಬೋರ್ ನೀರಾ?

ಗದಗಿನ ಬಿಳಿ ಗಾಡಿ:

ಹೌದು ಸರ್, ಬೋರ್ ನೀರೇ. ಹಳೇ ಸೆನ್ಸರ್ ತುದಿಗೆ ಬಿಳಿ ಸುಣ್ಣದ ಹಾಗೆ ಪದರ ಕಟ್ಟಿತ್ತು. ನಮ್ಮದು ಪೂರ್ತಿ ಸವಳು ನೀರು, ಕಾಯಿಸುವ ಪಾತ್ರೆಯಲ್ಲೂ ಹಾಗೇ ಕಟ್ಟುತ್ತದೆ.

ನವನಗರ ಝೆನ್:

ಆ ಪದರ ರೇಡಿಯೇಟರ್ ಕೊಳವೆಗಳಲ್ಲೂ ಇದ್ದೇ ಇರುತ್ತದೆ. ಬೋರ್ ನೀರು ಇಳಿಸಿಬಿಡಿ, ಸ್ವಚ್ಛ ನೀರಲ್ಲಿ ಎರಡು ಮೂರು ಸಲ ತೊಳೆದು, ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ. ಕೂಲಂಟ್ ಡಬ್ಬದ ಮೇಲೆ ನೀರು ಬೆರೆಸಬೇಕಾ ಅಥವಾ ಹಾಗೇ ಹಾಕುವಂಥದ್ದಾ ಅಂತ ಬರೆದಿರುತ್ತಾರೆ, ಓದಿಕೊಳ್ಳಿ. ಮುಚ್ಚಳದ ರಬ್ಬರ್ ಒಣಗಿ ಸೀಳಿದ್ದರೆ ಅದನ್ನೂ ಬದಲಿಸಿ, ಒತ್ತಡ ನಿಲ್ಲದಿದ್ದರೆ ಬೇಗ ಕುದಿಯುತ್ತದೆ.

ಬ್ಯಾಟರಿ ಕಾಕಾ:

ಓದಿ ಬಹಳ ಸಂತೋಷ ಆಯಿತು ತಮ್ಮಾ. ಜೋಡಣೆ ನೀವೇ ಹುಡುಕಿದಿರಲ್ಲ, ಅದು ದೊಡ್ಡದು.

ಥರ್ಮೋಸ್ಟ್ಯಾಟ್ ಕೂರಿಸಿ ಕೂಲಂಟ್ ತುಂಬಿದ ಮೇಲೆ ಗಾಳಿ ತೆಗೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಸೆನ್ಸರ್ ಹತ್ತಿರ ಗಾಳಿ ನಿಂತು ಮುಳ್ಳು ಮತ್ತೆ ಏರಿಳಿದು ನಿಮಗೆ ಗಾಬರಿ ಮಾಡುತ್ತದೆ. ಗಾಡಿಯ ಮೂತಿ ಸ್ವಲ್ಪ ಏರು ಜಾಗದಲ್ಲಿರಲಿ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು, ಹೀಟರ್ ಇದ್ದರೆ ಪೂರ್ತಿ ಬಿಸಿ ಕಡೆ ತಿರುಗಿಸಿ, ಚಾಲೂ ಮಾಡಿ ಬಿಡಿ. ಮೇಲಿನ ಹೋಸ್ ಕೈಯಲ್ಲಿ ಹಿಡಿದರೆ ತಣ್ಣಗೇ ಇರುತ್ತದೆ, ಥರ್ಮೋಸ್ಟ್ಯಾಟ್ ತೆರೆದಾಗ ಒಮ್ಮೆಲೇ ಬಿಸಿ ಆಗುತ್ತದೆ, ನೀರು ಗುಳುಗುಳು ಅಂದು ಕೆಳಗಿಳಿಯುತ್ತದೆ. ಆಗ ಮೇಲಿಂದ ತುಂಬಿ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಹತ್ತಿರವೇ ಇರಿ. ಮರುದಿನ ಬೆಳಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ನೋಡಿ, ಅರ್ಧ ಲೋಟ ಹಿಡಿಯಬಹುದು. ಅದಾದ ಮೇಲೆ ಅಪ್ಪಾಜಿಗೆ ಕೀಲಿ ಕೊಡಿ.